ಚೈನು ಎಂದರೆ ಎಷ್ಟು ಅಡಿ? ಹಳೆಯ ಟಿಪ್ಪಣಿ ಓದಿ ಜಮೀನು ಅಳೆಯುವ ಕ್ರಮ

ಇಂಗ್ಲಿಷ್ ನಿಘಂಟಿನಲ್ಲಿ ‘ಚೈನ್’ ಪದಕ್ಕೆ ಸರಪಳಿ ಎಂಬ ಅರ್ಥದ ಜೊತೆಗೆ ಇನ್ನೊಂದು ಅರ್ಥವೂ ಸಿಗುತ್ತದೆ: 66 ಅಡಿ ಉದ್ದದ ಒಂದು ಅಳತೆ. ಇದನ್ನೇ ಹಿಡಿದುಕೊಂಡು ನಮ್ಮ ಸರ್ವೆ ದಾಖಲೆಯ ಟಿಪ್ಪಣಿ (ಅಳತೆ ಬರೆದ ಹೊಲದ ಕೈನಕ್ಷೆ) ಓದಲು ಕೂತರೆ 1 ಎಕರೆ 18 ಗುಂಟೆ ಚಿಲ್ಲರೆಯ ಹೊಲ 5 ಎಕರೆ 34 ಗುಂಟೆಯಾಗಿ ಕಾಣುತ್ತದೆ. ನಿಘಂಟೂ ಸರಿ, ಟಿಪ್ಪಣಿಯೂ ಸರಿ. ಎರಡರ ಚೈನು ಮಾತ್ರ ಬೇರೆ ಬೇರೆ. ನಿಮ್ಮ ದಾಖಲೆಯಲ್ಲಿರುವುದು ಯಾವ ಚೈನು ಎಂದು ಮೊದಲು ಗೊತ್ತು ಮಾಡಿಕೊಂಡರೆ ಉಳಿದದ್ದೆಲ್ಲ ಕೂಡುವ, ಗುಣಿಸುವ ಲೆಕ್ಕ ಅಷ್ಟೆ.

ಒಂದೇ ಹೆಸರು, ಹಲವು ಉದ್ದ

66 ಅಡಿಯ ಚೈನನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್, 1620ರ ಹೊತ್ತಿಗೆ. ಅದರಲ್ಲಿ 100 ಕೊಂಡಿಗಳು. ಒಂದೊಂದನ್ನೂ ‘ಲಿಂಕ್’ ಎನ್ನುತ್ತಾರೆ, ಒಂದು ಲಿಂಕ್ 7.92 ಅಂಗುಲ. 10 ಚೈನಿಗೆ ಒಂದು ಫರ್ಲಾಂಗು, 80 ಚೈನಿಗೆ ಒಂದು ಮೈಲಿ, 10 ಚದರ ಚೈನಿಗೆ ಒಂದು ಎಕರೆ. 66 ಎಂಬ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡದ್ದರ ಗುಟ್ಟು ಇಲ್ಲಿದೆ: ಕಷ್ಟದ ಇಂಗ್ಲಿಷ್ ಅಳತೆಗಳು ಈ ಚೈನಿನಲ್ಲಿ ಹತ್ತು, ನೂರರ ಲೆಕ್ಕಕ್ಕೆ ಇಳಿಯುತ್ತವೆ. ಉದ್ದವನ್ನು ಕಣ್ಣಿಗೆ ತಂದುಕೊಳ್ಳಬೇಕೆಂದರೆ ಕ್ರಿಕೆಟ್ ಪಿಚ್ ನೆನೆಯಿರಿ. ಸ್ಟಂಪಿನಿಂದ ಸ್ಟಂಪಿಗೆ ಇರುವ 22 ಗಜ ಎಂದರೆ ಸರಿಯಾಗಿ ಒಂದು ಗಂಟರ್ ಚೈನು, 20.12 ಮೀಟರು.

ಬಾಂಬೆ ಪ್ರಾಂತ್ಯದ ಕಂದಾಯ ಸರ್ವೆಯಲ್ಲಿ ಇದರ ಅರ್ಧ ಉದ್ದದ ಚೈನು ರೂಢಿಗೆ ಬಂತು: 33 ಅಡಿ. ಮೈಸೂರು ಸಂಸ್ಥಾನದ ಸರ್ವೆಯೂ ಬಾಂಬೆ ಪದ್ಧತಿಯನ್ನೇ ಅನುಸರಿಸಿತು. ಹಾಗಾಗಿ ಹಳೆ ಮೈಸೂರಿನ ಜಿಲ್ಲೆಗಳಲ್ಲೂ ಬೆಳಗಾವಿ, ಧಾರವಾಡ, ಉತ್ತರ ಕನ್ನಡದ ಕಡೆಯಲ್ಲೂ ಟಿಪ್ಪಣಿಯ ಚೈನು ಎಂದರೆ 33 ಅಡಿ. ಇದನ್ನು 100 ಲಿಂಕಾಗಿ ಒಡೆಯಲಿಲ್ಲ, ರೂಪಾಯಿಯ ಹಾಗೆ 16 ಆಣೆ ಮಾಡಿದರು. ಹಣದ ಆಣೆ 1957ರಲ್ಲಿ ಹೋಯಿತು, ಜಮೀನಿನ ಆಣೆ ಪಹಣಿಯಲ್ಲಿ ಇನ್ನೂ ಉಳಿದಿದೆ.

ಕರಾವಳಿಯ ಮಾತು ಬೇರೆ. ದಕ್ಷಿಣ ಕನ್ನಡ, ಉಡುಪಿ ಮದ್ರಾಸು ಪ್ರಾಂತ್ಯದಲ್ಲಿದ್ದ ಪ್ರದೇಶ. ಅಲ್ಲಿನ ಹಳೆಯ ಅಳತೆ ಗಂಟರ್ ಚೈನಿನದು, ಉದ್ದ ಲಿಂಕಿನಲ್ಲಿ, ವಿಸ್ತೀರ್ಣ ಎಕರೆ ಮತ್ತು ಸೆಂಟ್ಸಿನಲ್ಲಿ. ಒಂದು ಸೆಂಟ್ಸ್ ಎಂದರೆ 1000 ಚದರ ಲಿಂಕ್, 435.6 ಚದರ ಅಡಿ. ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ.

ಎಂಜಿನಿಯರುಗಳ ಚೈನು 100 ಅಡಿ, ಮೆಟ್ರಿಕ್ ಚೈನು 20 ಅಥವಾ 30 ಮೀಟರು. ರಸ್ತೆ ಕಾಮಗಾರಿಯ ಕಾಗದದಲ್ಲಿ ಬರುವ ‘ಚೈನೇಜ್’ ಹುಟ್ಟಿದ್ದೂ ಇದೇ ಪದದಿಂದ; ಈಗ ಅದು ಆರಂಭದ ಬಿಂದುವಿನಿಂದ ಇರುವ ದೂರ ಮಾತ್ರ. ಚೈನೇಜ್ 14+250 ಎಂದಿದ್ದರೆ 14 ಕಿಲೋಮೀಟರ್ 250 ಮೀಟರ್ ಎಂದು ಓದಿಕೊಳ್ಳಿ, ಚೈನಿಗೆ ಬದಲಾಯಿಸಲು ಹೋಗಬೇಡಿ.

ನಿಮ್ಮ ಕೈಯಲ್ಲಿರುವುದು ಯಾವ ಚೈನು?

ತಾಲ್ಲೂಕು ಸರ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನಿಮ್ಮ ಸರ್ವೆ ನಂಬರಿನ ಮೂಲ ಟಿಪ್ಪಣಿಯ ನಕಲು ಪಡೆಯಿರಿ. ಜಮೀನು ಪೋಡಿಯಾಗಿ, ಅಂದರೆ ಅಳೆದು ಭಾಗ ಮಾಡಿ, ಹಿಸ್ಸಾ ಆಗಿದ್ದರೆ ಹಿಸ್ಸಾ ಟಿಪ್ಪಣಿಯೂ ಬೇಕು. ಜೊತೆಗೆ ಆಕಾರ್‌ಬಂದ್ ನಕಲು ತೆಗೆದುಕೊಳ್ಳಿ; ಅದು ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿರುವ ದಾಖಲೆ, ತಾಳೆ ನೋಡಲು ಅದೇ ಆಧಾರ.

ಟಿಪ್ಪಣಿಯಲ್ಲಿ ಹೊಲದ ಕೈನಕ್ಷೆ ಇರುತ್ತದೆ. ನಡುವೆ ಎಳೆದ ಉದ್ದನೆಯ ಗೆರೆ ಆಧಾರ ರೇಖೆ. ಅದರಿಂದ ಎಡಕ್ಕೂ ಬಲಕ್ಕೂ ಮೂಲೆಗಳ ಕಡೆ ಹೊರಟ ಗೆರೆಗಳು ಲಂಬಗಳು, ಮೋಜಿಣಿಯವರ (ಭೂಮಿ ಅಳೆಯುವವರ) ಬಾಯಲ್ಲಿ ಆಫ್‌ಸೆಟ್. ಪಕ್ಕದಲ್ಲಿ 5-8, 4-4 ಎಂಬ ಜೋಡಿ ಅಂಕಿಗಳು: ಮೊದಲನೆಯದು ಚೈನು, ಎರಡನೆಯದು ಚಿಲ್ಲರೆ.

ಆ ಚಿಲ್ಲರೆಯೇ ಗುರುತು ಹೇಳುತ್ತದೆ. ಇಡೀ ಹಾಳೆಯಲ್ಲಿ ಎರಡನೆಯ ಅಂಕಿ ಎಲ್ಲೂ 15 ದಾಟಿಲ್ಲವೆಂದರೆ ಅದು ಆಣೆ ಇರಬೇಕು, ಚೈನು 33 ಅಡಿ. 37, 62, 90 ಅಂಥವು ಕಂಡರೆ ಲಿಂಕು, ಚೈನು 66 ಅಡಿ. ನಾಲ್ಕೈದೇ ಅಂಕಿಗಳಿರುವ ಸಣ್ಣ ನಕ್ಷೆಯಲ್ಲಿ ಇಷ್ಟರ ಮೇಲೆ ನಂಬಿಕೆ ಇಡಬೇಡಿ. ಆಗ ವಿಸ್ತೀರ್ಣ ಲೆಕ್ಕ ಹಾಕಿ ಆಕಾರ್‌ಬಂದಿಗೆ ತಾಳೆ ನೋಡಿ. ತಪ್ಪು ಚೈನು ಹಿಡಿದಿದ್ದರೆ ವಿಸ್ತೀರ್ಣ ನಾಲ್ಕು ಪಟ್ಟು ಇಲ್ಲವೇ ಕಾಲು ಭಾಗ ಬರುತ್ತದೆ, ತಕ್ಷಣ ಕಣ್ಣಿಗೆ ಬೀಳುತ್ತದೆ. ತಾಳೆ ನೋಡುವಾಗ ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿದ ಒಟ್ಟು ವಿಸ್ತೀರ್ಣ ತೆಗೆದುಕೊಳ್ಳಬೇಕು. ಸಾಗುವಳಿ ವಿಸ್ತೀರ್ಣಕ್ಕೆ ಹೋಲಿಸಿ ಐದು ಗುಂಟೆ ಹೆಚ್ಚು ಬಂತೆಂದು ಪಕ್ಕದವರ ಬದುವಿನ ಕಡೆ ನೋಡುವವರು ಬಹಳ. ಆ ಐದು ಗುಂಟೆ ಹಳ್ಳಕ್ಕೋ ದಾರಿಗೋ ಖರಾಬು ಬಿಟ್ಟದ್ದಾಗಿರುತ್ತದೆ.

ಮುಂದಿನದೆಲ್ಲ 33 ಅಡಿ ಚೈನಿನ ಲೆಕ್ಕ.

ಆಣೆಯಿಂದ ಅಡಿ

33 ಅಡಿಯನ್ನು 16ರಿಂದ ಭಾಗಿಸಿದರೆ 2.0625 ಅಡಿ, ಅಂದರೆ 2 ಅಡಿ ಮುಕ್ಕಾಲು ಅಂಗುಲ. ಮೀಟರಿನಲ್ಲಿ ಸುಮಾರು 63 ಸೆಂಟಿಮೀಟರು. ಬಾಯಿಲೆಕ್ಕ ಸುಲಭ: ಆಣೆಯನ್ನು ಇಮ್ಮಡಿ ಮಾಡಿ ಅಡಿ ಅನ್ನಿ, ಒಂದೊಂದು ಆಣೆಗೂ ಮುಕ್ಕಾಲು ಅಂಗುಲ ಸೇರಿಸಿ. 4 ಆಣೆಗೆ 8 ಅಡಿ 3 ಅಂಗುಲ. 7 ಆಣೆಗೆ 14 ಅಡಿ 5¼ ಅಂಗುಲ. 8 ಆಣೆಗೆ 16 ಅಡಿ 6 ಅಂಗುಲ. 12 ಆಣೆಗೆ 24 ಅಡಿ 9 ಅಂಗುಲ.

ತಿರುಗಿಸಿ ಮಾಡುವಾಗ ಮೊದಲು 33ರ ಮಗ್ಗಿಯಲ್ಲಿ ತುಂಬು ಚೈನು ಕಳೆಯಿರಿ, ಉಳಿದದ್ದನ್ನು 2.0625ರಿಂದ ಭಾಗಿಸಿ. ಟೇಪಿನಲ್ಲಿ 151 ಅಡಿ 3 ಅಂಗುಲ ಬಂದಿದ್ದರೆ 4 ಚೈನಿಗೆ 132 ಹೋಯಿತು, ಉಳಿದ 19.25 ಅಡಿಗೆ 9.33 ಆಣೆ. ಬರೆಯುವುದು 4 ಚೈನು 9⅓ ಆಣೆ. ಅಂಗುಲವನ್ನು ದಶಮಾಂಶ ಮಾಡದೆ 151.3 ಎಂದು ಕ್ಯಾಲ್ಕುಲೇಟರಿಗೆ ಒತ್ತಿಬಿಡುವುದು ಎಲ್ಲರೂ ಮಾಡುವ ತಪ್ಪು. 3 ಅಂಗುಲ ಎಂದರೆ 0.25 ಅಡಿ.

ಇಲ್ಲಿ ಇನ್ನೊಂದು ತೊಡಕಿದೆ. ಆಣೆ ಎಂಬ ಹೆಸರು ಉದ್ದಕ್ಕೂ ಇದೆ, ವಿಸ್ತೀರ್ಣಕ್ಕೂ ಇದೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗ 33 × 33 = 1089 ಚದರ ಅಡಿ; ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ, 43,560 ಚದರ ಅಡಿ. ಗುಂಟೆಯನ್ನೂ 16 ಆಣೆ ಮಾಡಿರುವುದರಿಂದ ವಿಸ್ತೀರ್ಣದ ಒಂದು ಆಣೆ ಎಂದರೆ 68 ಚದರ ಅಡಿಗೆ ತುಸು ಮೇಲೆ. ಈ ಎರಡು ಆಣೆಗಳ ಸಂಬಂಧ ಮಾತ್ರ ಬಹಳ ಅಚ್ಚುಕಟ್ಟು: ಒಂದು ಚೈನು ಉದ್ದ, ಒಂದು ಆಣೆ ಅಗಲದ ಪಟ್ಟಿ ಸರಿಯಾಗಿ ಒಂದು ಆಣೆ ವಿಸ್ತೀರ್ಣ. ಚೈನನ್ನು ಚೈನಿನಿಂದ ಗುಣಿಸಿದರೆ ಗುಂಟೆ, ಚೈನನ್ನು ಆಣೆಯಿಂದ ಗುಣಿಸಿದರೆ ವಿಸ್ತೀರ್ಣದ ಆಣೆ. ಅಡಿಗೆ ಇಳಿದು ಮತ್ತೆ ಗುಂಟೆಗೆ ಹತ್ತುವ ಕೆಲಸವೇ ಇಲ್ಲ. ಹೊಲದ ಬದುವಿನ ಮೇಲೆ ಕೂತು ಕಾಗದ ಪೆನ್ಸಿಲಿನಲ್ಲಿ ಲೆಕ್ಕ ಮುಗಿಸಲು ಇದಕ್ಕಿಂತ ಒಳ್ಳೆಯ ಮಾನ ಸಿಗುವುದು ಕಷ್ಟ.

ಅಳೆಯಲು ಬೇಕಾದ್ದು

ಹಳೆಯ ಕಬ್ಬಿಣದ ಚೈನು ಈಗ ಬೇಕಿಲ್ಲ, 100 ಅಡಿಯ ಟೇಪು ಸಾಕು; ಲಂಬ ಅದನ್ನು ಮೀರುವ ಹೊಲಕ್ಕೆ ಮಾತ್ರ ಇನ್ನೂ ಉದ್ದದ ಟೇಪು ಬೇಕು. ಟೇಪಿನ 33, 66, 99ನೇ ಅಡಿಗೆ ಬಣ್ಣದ ಅಂಟುಪಟ್ಟಿ ಸುತ್ತಿಕೊಳ್ಳಿ. ಸೊನ್ನೆ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿಕೊಳ್ಳುವುದು ಮುಖ್ಯ: ಕೆಲವು ಟೇಪುಗಳಲ್ಲಿ ತುದಿಯ ಬಳೆಯ ಹೊರ ಅಂಚಿನಿಂದ, ಕೆಲವದರಲ್ಲಿ ಬಳೆ ಬಿಟ್ಟು ಪಟ್ಟಿಯ ಮೇಲಿನ ಗೆರೆಯಿಂದ. ನೈಲಾನ್ ಹಗ್ಗಕ್ಕೆ ಗಂಟು ಹಾಕಿ ಚೈನು ಮಾಡಿಕೊಳ್ಳಬೇಡಿ, ಎಳೆದಷ್ಟೂ ಹಿಗ್ಗುತ್ತದೆ.

ಆರಡಿಯ ನೇರವಾದ ಬಿದಿರು ಗಳ ನಾಲ್ಕು. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ದೂರಕ್ಕೆ ಕಾಣುತ್ತವೆ. ನೆಲಕ್ಕೆ ಚುಚ್ಚಲು ಒಂದೂವರೆ ಅಡಿಯ ಕಬ್ಬಿಣದ ಕಡ್ಡಿ ಹತ್ತು. ಒಂದು ತೂಕದ ಗುಂಡು, ಒಂದು ನೋಟುಪುಸ್ತಕ. ಜನ ಮೂವರಿದ್ದರೆ ಒಳ್ಳೆಯದು, ಇಬ್ಬರಲ್ಲೂ ಆಗುತ್ತದೆ.

ಹಳೆಯ ಚೈನನ್ನೇ ಬಳಸುವುದಾದರೆ ಮೊದಲು ಒಳ್ಳೆಯ ಟೇಪಿಗೆ ಹಿಡಿದು ನೋಡಿ. ಹಿಡಿಕೆಯ ಹೊರ ಅಂಚಿನಿಂದ ಹೊರ ಅಂಚಿಗೆ ಚೈನಿನ ಉದ್ದ. ಕೊಂಡಿಗಳ ನಡುವಿನ ಬಳೆಗಳು ಸವೆದು ಬಾಯಿ ಬಿಟ್ಟರೆ ಚೈನು ಉದ್ದವಾಗುತ್ತದೆ, ಕೊಂಡಿ ಬಾಗಿದರೆ, ಬಳೆಯಲ್ಲಿ ಮಣ್ಣು ಕಟ್ಟಿಕೊಂಡರೆ ಗಿಡ್ಡವಾಗುತ್ತದೆ. ಗಂಟರ್ ಚೈನಾದರೆ ಹತ್ತು ಹತ್ತು ಲಿಂಕಿಗೆ ಒಂದು ಹಿತ್ತಾಳೆ ಬಿಲ್ಲೆ. 10ಕ್ಕೆ ಒಂದು ಹಲ್ಲು, 20ಕ್ಕೆ ಎರಡು, 30ಕ್ಕೆ ಮೂರು, 40ಕ್ಕೆ ನಾಲ್ಕು, ನಡುಮಧ್ಯ ದುಂಡು ಬಿಲ್ಲೆ. ಎರಡೂ ತುದಿಯಿಂದ ಹೀಗೇ ಇರುವುದರಿಂದ ನಾಲ್ಕು ಹಲ್ಲಿನ ಬಿಲ್ಲೆ 40ಕ್ಕೂ ಇದೆ, 60ಕ್ಕೂ ಇದೆ. ದುಂಡು ಬಿಲ್ಲೆ ದಾಟಿತೋ ಇಲ್ಲವೋ ನೋಡದೆ ಓದಿದರೆ 20 ಲಿಂಕು, 13 ಅಡಿಗೂ ಮೇಲೆ ತಪ್ಪಿಹೋಗುತ್ತದೆ.

ಅಳೆಯುವ ಕ್ರಮ

ಮೊದಲು ಮೂಲೆಗಳ ಬಾಂದು ಕಲ್ಲು (ಗಡಿಕಲ್ಲು) ಹುಡುಕಿ. ಮಣ್ಣು ಮುಚ್ಚಿದ್ದರೆ, ಬೇಲಿ ಬೆಳೆದಿದ್ದರೆ ಬಿಡಿಸಿ. ಕಲ್ಲು ಸಿಗದ ಮೂಲೆಗೆ ಬದುವಿನ ನಡುವೆ ತಾತ್ಕಾಲಿಕ ಗೂಟ ಹೊಡೆದು, ಅದು ಗೂಟ ಎಂದೇ ಪುಸ್ತಕದಲ್ಲಿ ಬರೆಯಿರಿ.

ಈಗ ಆಧಾರ ರೇಖೆ. ಟಿಪ್ಪಣಿಯಲ್ಲಿರುವ ರೇಖೆಯನ್ನೇ ಹಿಡಿದರೆ ತಾಳೆ ನೋಡುವುದು ಸುಲಭ. ಅದು ಸಿಗದಿದ್ದರೆ ಎದುರುಬದುರಾದ ಎರಡು ಮೂಲೆಗಳ ನಡುವಿನ ಅತಿ ಉದ್ದದ ಕರ್ಣ ಆರಿಸಿ. ಎರಡು ತುದಿಗೂ ಗಳ ನೆಡಿ. ಒಬ್ಬರು ಹಿಂದಿನ ಗಳದ ಹಿಂದೆ ಎರಡು ಹೆಜ್ಜೆ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು. ಮುಂದಿನ ಗಳ ಪೂರ್ತಿ ಮರೆಯಾಗುವ ಸಾಲಿನಲ್ಲಿ ನಡುವಿನ ಗಳಗಳನ್ನು ಎಡಕ್ಕೆ, ಬಲಕ್ಕೆ ಎಂದು ಹೇಳಿ ನಿಲ್ಲಿಸಬೇಕು. ಗಳದ ತುದಿ ನೋಡಿ ಸಾಲು ಹಿಡಿಯಬೇಡಿ, ಬುಡ ನೋಡಿ ಹಿಡಿಯಿರಿ. ವಾಲಿದ ಗಳದ ತುದಿ ಸುಳ್ಳು ಹೇಳುತ್ತದೆ.

ಮುಂದಿನವರು ಟೇಪಿನ ತುದಿಯೊಂದಿಗೆ ಹತ್ತು ಕಡ್ಡಿ ಹಿಡಿದು ಹೊರಡಲಿ. 33 ಅಡಿಗೆ ಒಂದು ಕಡ್ಡಿ ಚುಚ್ಚಲಿ. ಹಿಂದಿನವರು ಆ ಕಡ್ಡಿಯ ಬಳಿ ಬಂದು, ಮುಂದಿನ ಚೈನು ಮುಗಿದ ಮೇಲೆ ಅದನ್ನು ಕಿತ್ತು ತಮ್ಮಲ್ಲಿಟ್ಟುಕೊಳ್ಳಲಿ. ಹಿಂದಿನವರ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಚೈನು ಅವರ ಹಿಂದೆ ಉಳಿಯಿತು ಎಂದು ಲೆಕ್ಕ. ಹತ್ತೂ ಮುಗಿದಾಗ ಪುಸ್ತಕದಲ್ಲಿ ಬರೆದುಕೊಂಡು ಕಡ್ಡಿಗಳನ್ನು ಮುಂದಿನವರಿಗೆ ವಾಪಸು ಕೊಡಿ. ಬಾಯಲ್ಲಿ ಎಣಿಸುವುದು ಬೇಡ. ನಡುವೆ ಯಾರೋ ಮಾತಾಡಿಸಿದರೆ ಒಂದು ಚೈನು ತಪ್ಪುತ್ತದೆ, ಆಮೇಲೆ 33 ಅಡಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಪಕ್ಕದ ಮೂಲೆಗಳಿಗೆ ಲಂಬ ತೆಗೆಯುವುದು ಹೀಗೆ: ಟೇಪಿನ ಸೊನ್ನೆಯನ್ನು ಮೂಲೆಕಲ್ಲಿನ ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಆಧಾರ ರೇಖೆಯ ಉದ್ದಕ್ಕೂ ಆಚೀಚೆ ತೂಗಾಡಿಸಿ. ಅತಿ ಕಡಿಮೆ ಬಂದ ಅಂಕಿಯೇ ಲಂಬದ ಉದ್ದ. ಸುಮಾರು 180 ಅಡಿಯ ಲಂಬದಲ್ಲಿ ನೀವು ರೇಖೆಯ ಮೇಲೆ 3 ಅಡಿ ಆಚೆ ನಿಂತಿದ್ದರೂ ಉದ್ದದಲ್ಲಿ ಆಗುವ ವ್ಯತ್ಯಾಸ ಕಾಲು ಅಂಗುಲದ ಆಸುಪಾಸು. ಹೀಗಾಗಿ ಉದ್ದ ಚೆನ್ನಾಗಿ ಸಿಗುತ್ತದೆ, ಲಂಬ ರೇಖೆಗೆ ಸೇರುವ ಜಾಗ ಮಾತ್ರ ಸರಿಯಾಗಿ ಸಿಗುವುದಿಲ್ಲ. ಜಾಗವೂ ಬೇಕಾದರೆ ಲಂಬಕ್ಕಿಂತ ಇಪ್ಪತ್ತು ಅಡಿ ಹೆಚ್ಚು ಟೇಪು ಬಿಟ್ಟು, ಒಂದೇ ಉದ್ದದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ರೇಖೆಯನ್ನು ಮುಟ್ಟಿಸಿ ಎರಡು ಕಡ್ಡಿ ಚುಚ್ಚಿ. ಎರಡರ ನಟ್ಟನಡುವೆ ಲಂಬದ ಬುಡ.

ವಿಸ್ತೀರ್ಣ

ನಾಲ್ಕು ಮೂಲೆಯ ಒಂದು ಹೊಲ ತೆಗೆದುಕೊಳ್ಳೋಣ. ಮೂಲೆಗಳು ಅ, ಬ, ಕ, ಡ. ಆಧಾರ ರೇಖೆ ಅ-ಕ 12 ಚೈನು. 4 ಚೈನಿನ ಹತ್ತಿರ ಎಡಕ್ಕೆ ಬ ಮೂಲೆಗೆ ಲಂಬ 5 ಚೈನು 8 ಆಣೆ. 7 ಚೈನಿನ ಹತ್ತಿರ ಬಲಕ್ಕೆ ಡ ಮೂಲೆಗೆ 4 ಚೈನು 4 ಆಣೆ.

ರೇಖೆಯ ಎರಡೂ ಬದಿಗೆ ಒಂದೊಂದು ತ್ರಿಕೋನ. ಲಂಬಗಳನ್ನು ಕೂಡಿ: 5.5 + 4.25 = 9.75 ಚೈನು. ಆಧಾರ ರೇಖೆಯ ಅರ್ಧದಿಂದ ಗುಣಿಸಿ: 6 × 9.75 = 58.5. ಬಂದದ್ದು ನೇರವಾಗಿ ಗುಂಟೆ. 40 ಕಳೆದರೆ 1 ಎಕರೆ 18 ಗುಂಟೆ 8 ಆಣೆ. ಆಣೆಯನ್ನು ದಶಮಾಂಶ ಮಾಡುವಾಗ 16ರಿಂದ ಭಾಗಿಸಬೇಕು. 8 ಆಣೆಯನ್ನು 5.8 ಎಂದು ಬರೆದರೆ ಲೆಕ್ಕ ಅಲ್ಲೇ ಕೆಟ್ಟಿತು, ಅದು 5.5. ಹಾಗೆಯೇ 1 ಎಕರೆ 18½ ಗುಂಟೆಯನ್ನು 1.185 ಎಕರೆ ಎನ್ನಬಾರದು, ಅದು 1.4625 ಎಕರೆ. ಕೊಳ್ಳುವವರೂ ಮಾರುವವರೂ ಎಕರೆಗೆ ಇಷ್ಟು ಎಂದು ದರ ಕಟ್ಟುವಾಗ ಈ ಒಂದು ಬಿಂದುವಿನಿಂದಲೇ ಕಾಲು ಎಕರೆಯ ದುಡ್ಡು ಹೆಚ್ಚುಕಡಿಮೆ ಆಗುತ್ತದೆ.

ಅಳತೆ ಸರಿಯೇ ಎಂದು ನೋಡಲು ಒಂದು ಬದಿಯನ್ನು ಬೇರೆಯಾಗಿ ಅಳೆಯಿರಿ. ಈ ಹೊಲದಲ್ಲಿ ಅ-ಬ ಬದಿ 4ರ ವರ್ಗ ಮತ್ತು 5.5ರ ವರ್ಗ ಕೂಡಿದ 46.25ರ ವರ್ಗಮೂಲ, ಅಂದರೆ 6.8 ಚೈನು, 224 ಅಡಿ 5 ಅಂಗುಲ. ಟೇಪಿನಲ್ಲಿ 224, 225 ಬಂದರೆ ನಿಶ್ಚಿಂತೆ. 190 ಬಂದರೆ ಒಂದು ಚೈನು ಎಲ್ಲೋ ಎಣಿಕೆಯಲ್ಲಿ ಬಿದ್ದುಹೋಗಿದೆ.

ಹಳ್ಳದ ಕಡೆಯ ಬದು ಅಂಕುಡೊಂಕಾಗಿರುತ್ತದೆ. ಅಲ್ಲಿ ಬದಿಯ ಎರಡು ತುದಿಗಳ ನಡುವೆ ನೇರ ಗೆರೆ ಹಿಡಿದು, ಪ್ರತಿ ಚೈನಿಗೂ ಹಳ್ಳದ ಅಂಚಿನವರೆಗೆ ಲಂಬ ಅಳೆಯಿರಿ. 4 ಚೈನಿನ ಗೆರೆಯಲ್ಲಿ ಲಂಬಗಳು ಕ್ರಮವಾಗಿ 0, 6, 10, 8, 0 ಆಣೆ ಬಂದವು ಅನ್ನಿ. ನಡುವಿನವನ್ನು ಕೂಡಿದರೆ 24. ಚೈನಿಗೊಂದು ಲಂಬ ತೆಗೆದಿರುವುದರಿಂದ ಅದೇ ವಿಸ್ತೀರ್ಣದ ಆಣೆ: 1 ಗುಂಟೆ 8 ಆಣೆ. ತುದಿಯ ಲಂಬಗಳು ಸೊನ್ನೆಯಲ್ಲದಿದ್ದರೆ ಅವುಗಳ ಅರ್ಧ ಮಾತ್ರ ಸೇರಿಸಬೇಕು.

ಎಲ್ಲಿ ಕೈಕೊಡುತ್ತದೆ

ಸಾಲು ತುಸು ಸೊಟ್ಟಗಾದರೆ ಜನ ಬಹಳ ಗಾಬರಿಯಾಗುತ್ತಾರೆ. 100 ಅಡಿಯ ನಡುವೆ ಒಂದು ಅಡಿ ಸಾಲು ತಪ್ಪಿದರೂ ಉದ್ದದಲ್ಲಿ ಕಾಲು ಅಂಗುಲದಷ್ಟೇ ಹೆಚ್ಚಳ. ಟೇಪು ನಡುವೆ ಒಂದು ಅಡಿ ಜೋತುಬಿದ್ದರೂ ಹೆಚ್ಚುಕಡಿಮೆ ಅಷ್ಟೇ. ನಿಜವಾಗಿ ಕಾಡುವುದು ಇಳಿಜಾರು. ಮೋಜಿಣಿಯ ಉದ್ದವೆಲ್ಲ ಸಮತಲದ ಉದ್ದ, ನೆಲದ ಮೇಲೆ ಹಾಸಿ ಅಳೆದದ್ದಲ್ಲ. 100 ಅಡಿಗೆ 10 ಅಡಿ ಏರಿದರೆ ಸಮತಲದಲ್ಲಿ 99.5 ಅಡಿ, ಅರ್ಧ ಅಡಿ ವ್ಯತ್ಯಾಸ. 20 ಅಡಿ ಏರಿದರೆ 98 ಅಡಿ. ಮಲೆನಾಡಿನ ಕಾಫಿ ತೋಟದಲ್ಲಿ, ಅಡಿಕೆಯ ಗುಡ್ಡದ ಬದಿಯಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆದು ಜಮೀನು ದಾಖಲೆಗಿಂತ ಹೆಚ್ಚಿದೆ ಎಂದುಕೊಳ್ಳುವುದು ಇದರಿಂದಲೇ. ಅಂಥಲ್ಲಿ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಮೇಲಿನವರು ಟೇಪನ್ನು ನೆಲಕ್ಕೆ ಒತ್ತಿ ಹಿಡಿಯಲಿ, ಕೆಳಗಿನವರು ಎದೆಮಟ್ಟದಲ್ಲಿ ಅಡ್ಡಡ್ಡ ಎಳೆದು ತೂಕದ ಗುಂಡು ಬಿಟ್ಟು ಅದು ತೋರಿಸಿದಲ್ಲಿ ಕಡ್ಡಿ ಚುಚ್ಚಲಿ. ಒಂದು ಮೆಟ್ಟಿಲಿಗೆ 16 ಅಡಿ 6 ಅಂಗುಲ ಇಟ್ಟುಕೊಂಡರೆ ಎರಡು ಮೆಟ್ಟಿಲಿಗೆ ಒಂದು ಚೈನು. ಕಡಿದಾದಲ್ಲಿ 4 ಆಣೆಯ ಮೆಟ್ಟಿಲು ಮಾಡಿ.

ಚೈನಿನ ಅಥವಾ ಟೇಪಿನ ಉದ್ದವೇ ತಪ್ಪಿದ್ದರೆ ಅದು ಪ್ರತಿ ಸಲವೂ ಒಂದೇ ಕಡೆಗೆ ಸೇರುತ್ತ ಹೋಗುತ್ತದೆ. ಅಳತೆ ಹೇಗೆ ತಿರುಗುತ್ತದೆ ಎನ್ನುವುದನ್ನು ಗಮನಿಸಿ: ಚೈನು ಹಿಗ್ಗಿದ್ದರೆ ಜಮೀನು ಕಡಿಮೆ ತೋರಿಸುತ್ತದೆ. 33 ಅಡಿಯ ಚೈನು ನಿಜದಲ್ಲಿ 33 ಅಡಿ 4 ಅಂಗುಲ ಇದ್ದರೆ ಉದ್ದದಲ್ಲಿ ನೂರಕ್ಕೆ ಒಂದು, ವಿಸ್ತೀರ್ಣದಲ್ಲಿ ನೂರಕ್ಕೆ ಎರಡು ತಪ್ಪು. ಒಂದು ಎಕರೆಗೆ ಮುಕ್ಕಾಲು ಗುಂಟೆಗೂ ಮೇಲೆ. ಸರಿಪಡಿಸಲು, ಬಂದ ಉದ್ದವನ್ನು ಚೈನಿನ ನಿಜವಾದ ಉದ್ದದಿಂದ ಗುಣಿಸಿ 33ರಿಂದ ಭಾಗಿಸಿ.

ಕಳೆದುಹೋದ ಕಲ್ಲಿನ ಜಾಗ

ಮೇಲಿನ ಹೊಲದ ಬ ಕಲ್ಲು ಇಲ್ಲವೆನ್ನಿ. ಅ ಮತ್ತು ಕ ಕಲ್ಲುಗಳ ನಡುವೆ ರೇಖೆ ಹಿಡಿದು ಅಳೆಯಿರಿ. ಪೂರ್ತಿ 12 ಚೈನು, 396 ಅಡಿ ಬಂದರೆ ಆ ಎರಡು ಕಲ್ಲು ಜಾಗದಲ್ಲಿವೆ ಎಂದು ಮುಂದುವರಿಯಬಹುದು. ಬರದಿದ್ದರೆ ಅವುಗಳಲ್ಲೇ ಒಂದು ಸರಿದಿದೆ, ಆ ರೇಖೆಯಿಂದ ಬೇರೆ ಕಲ್ಲು ಹುಡುಕುವುದು ವ್ಯರ್ಥ. ಪಕ್ಕದ ಸರ್ವೆ ನಂಬರಿನ ಕಲ್ಲುಗಳಿಂದ ಬರಬೇಕು. ಅ ಕಲ್ಲಿನಿಂದ 4 ಚೈನು, 132 ಅಡಿಗೆ ಕಡ್ಡಿ ಚುಚ್ಚಿ ಅಲ್ಲಿಂದ ಲಂಬ ಎಬ್ಬಿಸಿ.

ಲಂಬಕ್ಕೆ 3-4-5ರ ತ್ರಿಕೋನ ಎಲ್ಲ ಮೇಸ್ತ್ರಿಗಳಿಗೂ ಗೊತ್ತು, ಆದರೆ ಮನೆಯ ಪಾಯಕ್ಕೆ ಹಾಕುವ ಮೂರು ನಾಲ್ಕು ಅಡಿಯ ತ್ರಿಕೋನ ಹೊಲಕ್ಕೆ ಸಾಲದು. ನಾಲ್ಕಡಿಯಲ್ಲಿ ಅರ್ಧ ಅಂಗುಲ ಹೊರಳಿದರೆ 181 ಅಡಿ ಆಚೆಗೆ ಹೋಗುವಷ್ಟರಲ್ಲಿ ಎರಡು ಅಡಿಯ ಹತ್ತಿರ ಸರಿದಿರುತ್ತದೆ. ರೇಖೆಯ ಮೇಲೆ 30 ಅಡಿ, ಲಂಬಕ್ಕೆ 40, ಕರ್ಣ 50 ಹಿಡಿದರೆ ಅದೇ ಅರ್ಧ ಅಂಗುಲ ಎರಡು ಅಂಗುಲ ಚಿಲ್ಲರೆಗೆ ನಿಲ್ಲುತ್ತದೆ. ಆ ದಿಕ್ಕಿನಲ್ಲಿ ಗಳ ಸಾಲು ಹಿಡಿದು 5 ಚೈನು 8 ಆಣೆ, 181 ಅಡಿ 6 ಅಂಗುಲ ಅಳೆಯಿರಿ. ಅಲ್ಲಿಂದ ಅ ಕಲ್ಲಿಗೆ 224 ಅಡಿ 5 ಅಂಗುಲ ಬರುತ್ತದೆಯೇ ನೋಡಿ. ಬಂದರೆ ಅಲ್ಲಿ ಎರಡಡಿ ಅಗೆದು ಹುಡುಕಿ. ಕಲ್ಲು ಬಿದ್ದು ಮಣ್ಣಿನಡಿ ಹೂತುಹೋಗಿರುವುದು ಬಹಳ ಸಲ ಇದೆ.

ಅಗೆದಾಗ ಕಲ್ಲು ಸಿಗದಿದ್ದರೆ ನೀವಾಗಿ ಹೊಸ ಕಲ್ಲು ನೆಡಬೇಡಿ. ನಿಮ್ಮ ಅಳತೆ ನಿಮ್ಮ ತಿಳಿವಳಿಕೆಗೆ ಮಾತ್ರ, ಗಡಿ ಗೊತ್ತುಮಾಡುವ ಅಧಿಕಾರ ಅದಕ್ಕಿಲ್ಲ. ಹದ್ದುಬಸ್ತಿಗೆ, ಅಂದರೆ ಸರ್ಕಾರದಿಂದ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಿ. ಸರ್ಕಾರಿ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು ಬಂದು ಅಳೆಯುವ ದಿನ ಈ ಪುಸ್ತಕ, ಅಡಿಯಲ್ಲೂ ಚೈನು-ಆಣೆಯಲ್ಲೂ ಬರೆದ ಅಳತೆ, ಸಿಕ್ಕ ಕಲ್ಲುಗಳ ಪಟ್ಟಿ ಕೈಯಲ್ಲಿರಲಿ. ಯಾವ ಕಲ್ಲಿನಿಂದ ಅಳತೆ ಶುರು ಮಾಡಿದರು, ಆಧಾರ ರೇಖೆ ಟಿಪ್ಪಣಿಗೆ ಕೂಡಿತೇ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.